ಹಚ್ಚಿದ ಕೈಯೇ ಒರೆಸಬೇಕು

ಬೀರವ್ವ ಹುಟ್ಟಿದ್ದು ಮನೆಯಲ್ಲಲ್ಲ, ಮಂದ್ರೂಪದ ಹತ್ತಿರ ಯಾರದೋ ಜೋಳದ ಹೊಲದಲ್ಲಿ. ಅವಳಪ್ಪ ಅಲ್ಲಿ ಕುರಿಹಟ್ಟಿ ಹಾಕಿದ್ದ. ಬಾಣಂತಿ ಎದ್ದು ಕೂಡುವಷ್ಟರಲ್ಲಿ ಸುತ್ತಲಿನ ಮೇವು ತೀರಿತು, ಕುರಿಗಳು ಮುಂದಿನೂರಿಗೆ ಹೊರಟವು, ತಟ್ಟುವಿನ ಬೆನ್ನಿನ ಹೇರಿನ ಮೇಲೆ ಕೂಸೂ ಹೊರಟಿತು. ಹಾಗೆ ಹೊರಟವಳು ನಿಂತದ್ದು ಮದುವೆಯಾದ ಮೇಲೆಯೇ. "ಊರಂದ್ರ ಏನಂತ ನಂಗ ಗೊತ್ತಾಗಿದ್ದ ಗಂಡನ ಮನಿಗೆ ಬಂದ ಮ್ಯಾಲ. ಅಲ್ಲೀತನಕ ಹಾದೀನ ನನ್ನೂರು" ಎಂದು ಅವಳು ಈಗಲೂ ನಗುತ್ತ ಹೇಳುತ್ತಾಳೆ.

ಆ ಹಾದಿಯಲ್ಲೇ ಅವಳ ಅವ್ವ ತೀರಿಕೊಂಡಳು. ತಮ್ಮ ಕಾಮಣ್ಣನಿಗೆ ಆಗಿನ್ನೂ ಹಲ್ಲು ಮೂಡಿರಲಿಲ್ಲ. ತಾಯಿ ಸತ್ತ ಮರಿಯನ್ನು ಬೇರೆ ಕುರಿಯ ಕೆಳಗೆ ಬಿಡುವ ಹಾಗೆ ಅಪ್ಪ ಆ ಕೂಸನ್ನು ಬೀರವ್ವನ ಬೆನ್ನಿಗೆ ಬಿಟ್ಟ. ಅವಳೇ ಇನ್ನೂ ಪರಕಾರ ಉಡುವ ಹುಡುಗಿ. ಕಂಬಳಿಯ ಜೋಳಿಗೆಯಲ್ಲಿ ತಮ್ಮನನ್ನು ಕಟ್ಟಿಕೊಂಡು ಕುರಿಯ ಹಿಂದೆ ಹುಲ್ಲಿನ ಮಾಳ ಮಾಳ ತುಳಿದಳು. ಅವನ ಮೊದಲ ನಗು, ಮೊದಲ ಮಾತು, ಮೊದಲ ಹಟ ಎಲ್ಲ ಅವಳ ಹೆಗಲ ಮೇಲೇ ಹುಟ್ಟಿದವು. ಗಂಡನ ಮನೆಗೆ ಬರುವಾಗಲೂ ಅವನನ್ನು ಬಿಟ್ಟು ಬರಲಿಲ್ಲ. ಈಗ ಅವನಿಗೆ ಮೀಸೆ ಬಂದು, ಮದುವೆಯಾಗಿದೆ. ಆದರೂ ಅವನು ಎಲ್ಲಾದರೂ ಎತ್ತರಕ್ಕೆ ಹತ್ತಿದ ಎಂದರೆ ಬೀರವ್ವನ ಬೆನ್ನು ಒಮ್ಮೆಲೇ ಹಗುರಾದಂತೆ, ಅಲ್ಲಿಂದ ಏನೋ ಜಾರಿದಂತೆ ಆಗುತ್ತದೆ. ವಿಧಿಯಾಟ ನೋಡಿ, ಅವನು ಹೊಟ್ಟೆ ಹೊರೆಯುವುದೇ ಎತ್ತರ ಹತ್ತಿ. ಕಾಮಣ್ಣ ವಾಯರ್‌ಮನ್.

ದೊಡ್ಡ ಕಂಪನಿಯ ವಾಯರ್‌ಮನ್ ಅಲ್ಲ, ಸೊಸಾಯಟಿಯ ವಾಯರ್‌ಮನ್. ಅಕ್ಕಲಕೋಟ ತಾಲೂಕಿನಲ್ಲಿ, ಕುರನೂರ ಧರಣದ, ಅಂದರೆ ಅಣೆಕಟ್ಟಿನ, ಕೆಳಗೆ, ಬೋರಿ ಹೊಳೆಯ ದಂಡೆಗುಂಟ ಇರುವ ಕೆಲವು ಸಣ್ಣ ಊರುಗಳು ಸೇರಿ ಒಂದು ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡಿವೆ. ಸೋಲಾಪುರದ ಕಡೆಯಿಂದ ಬರುವ ದೊಡ್ಡ ಲೈನಿನಿಂದ ಕರೆಂಟು ತೆಗೆದುಕೊಂಡು ಮನೆಗೆ, ತೋಟಕ್ಕೆ, ಗಿರಣಿಗೆ ತಾವೇ ಹಂಚಿಕೊಳ್ಳುತ್ತಾರೆ. ಕಂಬ ತಮ್ಮದು, ತಂತಿ ತಮ್ಮದು, ತಂತಿ ಹರಿದಾಗ ತಿನ್ನಬೇಕಾದ ಬೈಗುಳವೂ ತಮ್ಮದೇ. ಸಂಘದ ಉದ್ದನೆಯ ಹೆಸರು ಬೋರ್ಡಿನ ಮೇಲೆ ಮರಾಠಿಯಲ್ಲಿದೆ. ಜನರ ಬಾಯಲ್ಲಿ ಅದು ಬರೀ ಸೊಸಾಯಟಿ.

ಸೊಸಾಯಟಿಯ ಸ್ವಿಚ್ಚಿನ ಕೋಣೆ ಇರುವುದು ಬೀರವ್ವನ ಹೊಲದ ಬದುವಿನಲ್ಲಿ, ಅವಳ ಮನೆಯ ಮುಂದೆಯೇ. ಒಳಗೆ ಗೋಡೆಗೆ ನಾಲ್ಕು ಕಬ್ಬಿಣದ ಹಿಡಿಕೆ: ಊರ ಲೈನು, ತೋಟದ ಲೈನು, ಧರಣದ ಲೈನು, ಮಾಳದ ಲೈನು. ಹಿಡಿಕೆ ಮೇಲೆತ್ತಿದರೆ ಆ ಲೈನಿಗೆ ಜೀವ ಬರುತ್ತದೆ. ಇಳಿಸಿದರೆ ಅದು ಬಟ್ಟೆ ಒಣಹಾಕುವ ತಂತಿಗೆ ಸಮ. ಹಿಡಿಕೆಗಳ ಮೇಲ್ಗಡೆ ಒಂದು ಕೆಂಪು ದೀಪ. ಅದು ಹೊತ್ತಿದರೆ ದೊಡ್ಡ ಲೈನಿನಲ್ಲಿ ಕರೆಂಟು ಬಂದಿದೆ ಎಂದರ್ಥ. ಬೀರವ್ವ ಹೊರಗಿನ ಕಟ್ಟೆಯ ಮೇಲೆ ಕುಳಿತು ಉಣ್ಣೆ ನೂಲುತ್ತ ಆ ದೀಪದ ಮೇಲೊಂದು ಕಣ್ಣಿಟ್ಟಿರುತ್ತಾಳೆ. ಹಿಡಿಕೆ ಎತ್ತುವುದು, ಇಳಿಸುವುದು ಅವಳ ಕೆಲಸ.

ಈ ಕೆಲಸ ಅವಳ ಪಾಲಿಗೆ ಬಂದದ್ದು ಒಂದು ಸುಟ್ಟ ಕೈಯಿಂದ. ಸೊಸಾಯಟಿ ಹೊಸದಾಗಿದ್ದಾಗ ವಾಯರ್‌ಮನ್ ಆಗಿದ್ದವನು ಅವಳ ಗಂಡ ಬೀರಣ್ಣ. ಒಮ್ಮೆ ಅವನು ತೋಟದ ಲೈನಿನ ಕಂಬದ ಮೇಲಿದ್ದ. ಹಿಡಿಕೆಯ ಹತ್ತಿರ ಆಗ ಬೇರೊಬ್ಬನಿದ್ದ. ಕೆಟ್ಟವನಲ್ಲ, ಅವಸರದವನು. ಕಬ್ಬು ಒಣಗುತ್ತಿದೆಯೆಂದು ಜನ ಗದ್ದಲ ಮಾಡಿದರು. "ಇಷ್ಟೊತ್ತಿಗೆ ಇಳದಿರ್ತಾನ ತಗೋ" ಎಂದು ಅವನು ಹಿಡಿಕೆ ಎತ್ತಿಬಿಟ್ಟ. ಬೀರಣ್ಣ ಇಳಿದಿರಲಿಲ್ಲ. ಕಬ್ಬಿನ ಮೆದೆಯ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು. ಬಲಗೈ ಮಾತ್ರ ಸಿಡಿಲು ಬಡಿದ ಕೊಂಬೆಯ ಹಾಗೆ ಒಣಗಿಹೋಯಿತು.

ಸೋಲಾಪುರದ ದವಾಖಾನೆಯಿಂದ ಮರಳಿದ ಮೇಲೆ ಬೀರಣ್ಣ ಸೊಸಾಯಟಿಯ ಸಭೆಗೆ ಹೋದ. ಬೈಯಲಿಕ್ಕೆ ಬಂದಿದ್ದಾನೆ ಎಂದು ಜನ ತಲೆ ತಗ್ಗಿಸಿ ಕುಳಿತರು. ಅವನು ಎಡಗೈಯಿಂದ ಸೊಂಟದ ಭಂಡಾರದ ಚೀಲ ಬಿಚ್ಚಿ ಮೇಜಿನ ಮೇಲಿಟ್ಟ.

"ಚೀಟಿ ಬರದರ ಗಾಳಿಗಿ ಹಾರತೈತಿ. ಬಾಯಿಲೆ ಹೇಳಿದರ ಮರತ ಹೋಗತೈತಿ. ಇನ್ನ ಮ್ಯಾಲ ಕಂಬ ಹತ್ತಾವ ಮೊದಲ ಬಂದು, ತನ್ನ ಲಾಯಿನಿನ ಹಿಡಿಕಿಗಿ ಬೀರೋಬಾನ ಭಂಡಾರ ಹಚ್ಚಿ ಹೋಗಬೇಕು. ಹಚ್ಚಿದ ಕೈನ ಬಂದು ಒರಸಬೇಕು. ಅಲ್ಲೀತನಕ ಅದನ್ನ ಯಾವ ಮಗನೂ ಮುಟ್ಟಬಾರದು. ಚೇರ್ಮನ್ ಆದರೂ ಅಷ್ಟ, ಮಂತ್ರಿ ಆದರೂ ಅಷ್ಟ."

ಭಂಡಾರವೆಂದರೆ ಅರಿಶಿನದ ಪುಡಿ. ಆದರೆ ಕುರಿಗಾರರ ದೇವರಾದ ಬೀರೋಬಾನ ಗುಡಿಯ ಆ ಪುಡಿ ಮುಟ್ಟಿ ಕೊಟ್ಟ ಮಾತನ್ನು ಮುರಿಯುವ ಎದೆಗಾರಿಕೆ ಆ ಊರುಗಳಲ್ಲಿ ಯಾರಿಗೂ ಇಲ್ಲ. ಕುರಿ ಕಾಯುವವರಿಗೂ ಇಲ್ಲ, ಕಬ್ಬು ಬೆಳೆಯುವ ಸಾವಕಾರರಿಗೂ ಇಲ್ಲ. ಅಂದಿನಿಂದ ಅದೇ ಕಟ್ಟಳೆಯಾಯಿತು. ಬೀರಣ್ಣ ಕುರಿಗಳ ಹತ್ತಿರ ಹೋದ. ಹಿಡಿಕೆಗಳ ಹತ್ತಿರ ಬೀರವ್ವ ಬಂದಳು. ಕಾಮಣ್ಣ ದೊಡ್ಡವನಾಗಿ ಕಂಬ ಹತ್ತುತ್ತೇನೆ ಎಂದಾಗ ಅವಳು ಎರಡು ಹೊತ್ತು ಊಟ ಬಿಟ್ಟಳು, ಆಮೇಲೆ ಹಟ ಬಿಟ್ಟಳು. ಹಿಡಿಕೆ ತನ್ನ ಕೈಯಲ್ಲಿದೆಯಲ್ಲ ಎಂಬುದೊಂದೇ ಅವಳ ಸಮಾಧಾನವಾಗಿತ್ತು.

ಹೋದ ವರ್ಷದ ಖಂಡೇನವಮಿಯ, ಆಯುಧಪೂಜೆಯ ದಿನ ಆ ಸಮಾಧಾನವೇ ಅಲುಗಿತು.

ನಸುಕಿನಲ್ಲೇ ದೊಡ್ಡ ಲೈನು ಹೋಗಿತ್ತು. ಕರೆಂಟು ಹೋದಾಗ ನಾಲ್ಕೂ ಹಿಡಿಕೆ ಇಳಿಸಿಡಬೇಕು. ಬೀರವ್ವ ಇಳಿಸಿದ್ದಳು. ಹಬ್ಬದ ದಿನ ಕರೆಂಟಿಲ್ಲವೆಂದು ಊರೆಲ್ಲ ಗೊಣಗುತ್ತಿದ್ದರೆ, ಚೇರ್ಮನ್ ಶಾಂತಲಿಂಗಪ್ಪನವರ ತಾಯಿ ಲಕ್ಷ್ಮೀಬಾಯಿ ಮಾತ್ರ ಹಿಗ್ಗಿನಿಂದ ಬಂದಳು. ಸೊಸಾಯಟಿಯ ಖಂಡೇಪೂಜೆ ಪ್ರತಿವರ್ಷ ಅವಳದೇ. ಬೇರೆ ವರ್ಷಗಳಲ್ಲಿ ಅವಳನ್ನು ಒಳಗೆ ಬಿಡುತ್ತಿರಲಿಲ್ಲ, ಹೊರಗಿನ ಕಟ್ಟೆಯ ಮೇಲೇ ಪಕ್ಕಡು, ಪಾನಾದಂಥ ಕೆಲಸದ ಹತ್ಯಾರ ಇಟ್ಟು ಪೂಜೆ ಮುಗಿಸಬೇಕಾಗುತ್ತಿತ್ತು. ಈ ಸಲ ಬಿಂದಿಗೆ ನೀರು, ಬೂದಿ, ಚಿಂದಿ ಬಟ್ಟೆ, ಚೆಂಡುಹೂವಿನ ಬುಟ್ಟಿ ಹಿಡಿದು ಸೀರೆ ಎತ್ತಿಕಟ್ಟಿಯೇ ಬಂದಿದ್ದಳು.

"ಬೀರವ್ವಾ, ವರ್ಷದಾಗ ಇವತ್ತೊಂದಿನ ಕರೆಂಟ ಇಲ್ದಾಂಗ ಸಿಕ್ಕೈತಿ ಈ ಖೋಲಿ. ಏನ ಧೂಳ ಯವ್ವಾ! ಲಕ್ಷ್ಮಿ ಕಾಲಿಡಬೇಕೋ ಬ್ಯಾಡೋ?"

"ಮುಟ್ಟರಿ ಆಯಿ, ಇವತ್ತ ಏನೂ ಆಗಂಗಿಲ್ಲ. ಕರೆಂಟ ಇಲ್ಲ" ಎಂದಳು ಬೀರವ್ವ.

ಕಾಮಣ್ಣನೂ ಅಲ್ಲೇ ಇದ್ದ. ತನ್ನ ಪಕ್ಕಡು, ಟೆಸ್ಟರು, ಪಾನಾ ಒಂದೊಂದೇ ಒರೆಸಿ ಪೂಜೆಯ ಮಣೆಯ ಮೇಲಿಟ್ಟ. ಕೊನೆಗೆ ಜೇಬಿನಿಂದ ಮೊಬೈಲು ತೆಗೆದು ಅದರ ಮೇಲಿಟ್ಟ.

"ಇದ್ಯಾವ ಹತ್ಯಾರೋ ಖೋಡಿ?" ಎಂದಳು ಲಕ್ಷ್ಮೀಬಾಯಿ.

"ಆಯಿ, ಎಲ್ಲಾದಕಿಂತ ಭಾಳ ನಾ ಹಿಡಿಯೂದ ಇದನ್ನ."

"ಖರೇನ ಹೇಳಿದಿ. ನನ್ನ ಮಗಂದೂ ತಂದಿಡತೀನಿ ತಡಿ."

ಗೋಡೆಯ ಮೊಳೆಗೆ ಕಂಬ ಹತ್ತುವ ಚರ್ಮದ ಪಟ್ಟಾ, ಹಗ್ಗ ತೂಗುತ್ತಿದ್ದವು. "ಅವನ್ನೂ ಇಡೋ" ಎಂದಳು ಬೀರವ್ವ. "ಆಮ್ಯಾಲ ಇಡತೀನಿ ಅಕ್ಕಾ" ಎಂದ. ಖಂಡೇನವಮಿಯಂದು ಯಾವ ಕಸುಬಿನವನೂ ಹತ್ಯಾರಕ್ಕೆ ಕೈ ಹಚ್ಚುವುದಿಲ್ಲ. ಅವಕ್ಕೂ ಅಂದು ವಿಶ್ರಾಂತಿ. ಆ ನೆಮ್ಮದಿಯಲ್ಲಿ ಬೀರವ್ವ ಕೋಣೆಯ ಹಿಂದಿನ ತನ್ನ ಮನೆಗೆ ಹೋಗಿ ಮೈ ತೊಳೆದುಕೊಂಡಳು, ಒಲೆ ಹೊತ್ತಿಸಿ ನೈವೇದ್ಯಕ್ಕೆ ನಾಲ್ಕು ಹೋಳಿಗೆ ಬೇಯಿಸಿದಳು.

ತಾಟು ಹಿಡಿದು ಮರಳಿ ಬಂದಾಗ ಕೋಣೆ ಗುರುತೇ ಸಿಗದಷ್ಟು ಚೊಕ್ಕವಾಗಿತ್ತು. ನೆಲ ಹಸಿಯಾಗಿ ಮಿನುಗುತ್ತಿತ್ತು. ನಾಲ್ಕೂ ಹಿಡಿಕೆ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಮೇಲಿಂದ ಕೆಳಗಿನವರೆಗೆ ದಟ್ಟವಾಗಿ ಭಂಡಾರ ಹಚ್ಚಲಾಗಿತ್ತು. ನಾಲ್ಕಕ್ಕೆ ನಾಲ್ಕೂ ಹಳದಿ.

ಬೀರವ್ವನ ಕಣ್ಣು ಗೋಡೆಯ ಮೊಳೆಗೆ ಹೋಯಿತು. ಮೊಳೆ ಖಾಲಿ. ಪಟ್ಟಾ ಇಲ್ಲ, ಹಗ್ಗ ಇಲ್ಲ. ಬಾಗಿಲಾಚೆ ಬೇವಿನ ಗಿಡದ ಕೆಳಗೆ ಕಾಮಣ್ಣನ ಫಟಫಟಿ ಬೈಕೂ ಇಲ್ಲ.

"ಆಯಿ, ಈ ಭಂಡಾರ ಯಾರ ಹಚ್ಯಾರ?"

"ನಾನ. ಯಾಕ, ಛಲೋ ಕಾಣಂಗಿಲ್ಲೇನ? ಬೀರೋಬಾನ ಗುಡಿಯಿಂದ ತರಿಸಿದ್ದು, ಅಂಗಡೀದಲ್ಲ."

"ತೊಳಿಯೂ ಮೊದಲ ಯಾವದಕ್ಕರ ಭಂಡಾರ ಇತ್ತೇನ್ರಿ?"

ಲಕ್ಷ್ಮೀಬಾಯಿ ಕಣ್ಣು ಕಿರಿದು ಮಾಡಿದಳು. "ನಂಗೇನ ಕಾಣತೈತೆ ತಂಗಿ, ಮೋತಿಬಿಂದು ಬಂದ ಕಣ್ಣ. ಧೂಳೋ, ಜಂಗೋ, ಭಂಡಾರೋ, ಎಲ್ಲಾ ಒಂದ ಚಿಂದಿಲೆ ತಿಕ್ಕಿ ತೊಳದೆ. ನಾ ನೀರ ತರಾಕ ಹಿಂದಿನ ಹೌದಿಗಿ ಹೋಗಿದ್ನೆಲ್ಲ, ಆವಾಗ ಯಾರರ ಬಂದಿದ್ದರ..."

ತಾನು ಏನು ಮಾಡಿದ್ದೇನೆಂದು ಮುದುಕಿಗೆ ಆಗ ಹೊಳೆಯಿತು.

ಕಾಮಣ್ಣ ಯಾವುದೋ ಲೈನಿನ ಮೇಲೆ ಕೆಲಸವಿದೆಯೆಂದು ಭಂಡಾರ ಹಚ್ಚಿ ಹೋಗಿದ್ದರೆ, ಅವನ ಗುರುತು ಈಗ ಈ ಹಳದಿಯ ಕೆಳಗೆ ಎಲ್ಲೋ ಮುಳುಗಿದೆ. ಅಷ್ಟೇ ಅಲ್ಲ, ಇನ್ನೊಂದು ಯೋಚನೆಯೂ ಬೀರವ್ವನಿಗೆ ಬಂತು. ಮುದುಕಿ ತೊಳೆದು ಸುಮ್ಮನೆ ಬಿಟ್ಟಿದ್ದರೆ? ನಾಲ್ಕೂ ಬೋಳಾಗಿ ಕಾಣುತ್ತಿದ್ದವು. ಕರೆಂಟು ಬಂದೊಡನೆ ನಾನೇ, ಈ ಕೈಯಿಂದಲೇ, ನಾಲ್ಕನ್ನೂ ಎತ್ತಿಬಿಡುತ್ತಿದ್ದೆ.

ಸೆರಗಿನ ಗಂಟಿನಿಂದ ಮೊಬೈಲು ತೆಗೆದು ತಮ್ಮನಿಗೆ ಹಚ್ಚಿದಳು. ಪೂಜೆಯ ಮಣೆಯ ಮೇಲೆ, ಚೆಂಡುಹೂವಿನ ಅಡಿಯಿಂದ, ಕುಂಕುಮ ಮೆತ್ತಿಕೊಂಡ ಮೊಬೈಲು ಗುರ್ರೆಂದು ನಡುಗಿ ಹಾಡತೊಡಗಿತು.

ಅದೇ ಹೊತ್ತಿಗೆ ಕೆಂಪು ದೀಪ ಹೊತ್ತಿತು.

ಆ ಕೋಣೆಯ ಕಿಟಕಿಯಿಂದ ಕೆಂಪು ದೀಪ ಹೊರಗೂ ಕಾಣುತ್ತದೆ. ಸ್ವಲ್ಪ ಹೊತ್ತಿನಲ್ಲೇ ಜನ ಬಂದರು. ಎಲ್ಲರಿಗಿಂತ ಮುಂದೆ ಗಿರಣಿಯ ಬಸಯ್ಯ. ಜೋಳದ ಡಬ್ಬಿ ಹಿಡಿದ ಹೆಂಗಸರು ಬೆಳಗಿನಿಂದ ಅವನ ಗಿರಣಿಯ ಮುಂದೆ ಕುಳಿತು ಅವನ ತಲೆ ತಿಂದಿದ್ದರು.

"ಏನ ಬೀರವ್ವಾ, ದೀಪ ಹತ್ತೇತಿ, ನೀ ನೋಡಿಕೋತ ನಿಂತೀ? ಮಂಗಳಾರತಿ ಆದ ಮ್ಯಾಲ ಎತ್ತಾಕಿ ಏನ?"

"ಕಾಮಣ್ಣ ಎಲ್ಲೆದಾನೋ ಗೊತ್ತಿಲ್ಲ ಬಸಯ್ಯಾರ. ಯಾವ ಲಾಯಿನ್ ಮ್ಯಾಲ ಅದಾನೋ ಅದೂ ಗೊತ್ತಿಲ್ಲ."

"ಲಾಯಿನ್ ಮ್ಯಾಲ? ಖಂಡೇನವಮಿ ದಿನ? ಅವನ ಹತ್ಯಾರ ಎಲ್ಲಾ ಇಲ್ಲೇ ಹೂ ಮುಡಕೊಂಡ ಕುಂತಾವ. ಬರೇ ಕೈಲೆ ತಂತಿ ಜಗ್ಗಾಕ ಹೋಗ್ಯಾನೇನ?"

"ಪಟ್ಟಾ ಇಲ್ಲ."

"ಪಟ್ಟಾ ಮನಿಗೆ ಒಯ್ದಿರತಾನ, ಹೆಂಡತಿ ಕಡೆ ಪೂಜಿ ಮಾಡಸಾಕ. ನಾ ಮುಂಜಾನಿ ಅಕ್ಕಲಕೋಟ ಸ್ಟ್ಯಾಂಡಿನಾಗ ಅವನಂಥಾವನ್ನ ನೋಡೀನಿ, ಹೂವಿನ ಅಂಗಡೀ ಮುಂದ."

"ಅವನಂಥಾವನ್ನ ನೋಡಿದಿರೋ, ಅವನ್ನ ನೋಡಿದಿರೋ?"

ಬಸಯ್ಯ ತಲೆ ಕೆರೆದುಕೊಂಡ. ಹಿಂದಿನಿಂದ ಯಾರೋ "ಮುಂಜಾನಿ ಅವ ಇಲ್ಲೇ ಇದ್ದನಲ್ರಿ" ಎಂದರು. ಜನ ನಕ್ಕರು. ಬೀರವ್ವ ನಗಲಿಲ್ಲ. ಅವಳು ಹಿಡಿಕೆಗಳಿಗೆ ಬೆನ್ನು ಕೊಟ್ಟು ನಿಂತಿದ್ದಳು. ಬೆನ್ನಿಗೆ ಹಳದಿ ಹತ್ತುತ್ತದೆಂಬ ಪರಿವೆ ಇರಲಿಲ್ಲ.

ಶಾಂತಲಿಂಗಪ್ಪನವರು ಬಂದರು. ಬಿಳಿ ಅಂಗಿ, ತಲೆಗೆ ಹಬ್ಬದ ಟೋಪಿ. ಮಗಳ ಮದುವೆಯಾದ ಮೇಲೆ ಮೊದಲ ದಸರೆ. ಸೋಲಾಪುರದಿಂದ ಬೀಗರು ಬಂದು ಮನೆಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ಕುಳಿತಿದ್ದರು. ಅವರಲ್ಲೊಬ್ಬರು, ಹಿರಿಯ ಬೀಗರು, ನೋಡೋಣವೆಂದು ಜೊತೆಗೇ ಬಂದಿದ್ದರು. ಚೇರ್ಮನ್ನರು ಕೆಟ್ಟ ಮನುಷ್ಯರಲ್ಲ. ಆದರೆ ಬೀಗರ ಮುಂದೆ ಯಾವ ಮನುಷ್ಯನೂ ತನ್ನ ನಿಜ ಅಳತೆಯಲ್ಲಿರುವುದಿಲ್ಲ.

"ಬೀರವ್ವಾ, ಊರಾಗ ಟಾಕಿ ಬರಿದಾಗೇತಿ. ಪಾವಣೇರ ಕೈ ತೊಳಿಯಾಕ ನೀರಿಲ್ಲ. ಊರ ಲಾಯಿನ್ ಒಂದರ ಎತ್ತ."

"ಊರ ಲಾಯಿನ್ ಮ್ಯಾಲನ ಇದ್ದರ, ಚೇರ್ಮನ್ರ?"

"ಇದ್ದರ ನಮಗ ಕಾಣತಿದ್ದಿಲ್ಲೇನ? ಊರ ಮುಂದಿನ ಕಂಬ."

"ತಳವಾರ ಓಣಿ ಹಿಂದಿನ ಕಂಬ ಯಾರಿಗಿ ಕಾಣತಾವ್ರಿ?"

ಬಸಯ್ಯ ನಡುವೆ ಬಾಯಿ ಹಾಕಿದ. "ಇದ್ದರೂ ಇಷ್ಟೊತ್ತಿಗೆ ಇಳದಿರತಾನ ತಗೋ."

ಹಳಬರಿಗೆಲ್ಲ ಆ ಮಾತು ಗೊತ್ತಿತ್ತು. ಬೀರವ್ವ ದನಿ ಏರಿಸಲಿಲ್ಲ.

"ಆ ಮಾತಿಗೇ ನಮ್ಮನಿಯವರ ಕೈ ಹೋಗೇತಿ, ಬಸಯ್ಯಾರ."

ಬಸಯ್ಯ ಕೆಳಗೆ ನೋಡಿದ. ಶಾಂತಲಿಂಗಪ್ಪನವರು ಟೋಪಿ ತೆಗೆದು ಬೆವರು ಒರೆಸಿಕೊಂಡು, ಒಂದು ದಾರಿ ಸಿಕ್ಕವರಂತೆ ತಾಯಿಯ ಕಡೆ ತಿರುಗಿದರು. "ಹಚ್ಚಿದ ಕೈ ಒರಸಬೇಕು ಅನ್ನೂದ ಕಟ್ಟಳಿ ಹೌದಲ್ಲೋ? ನಾಕಕ್ಕೂ ಹಚ್ಚಿದಾಕಿ ನೀನ. ಊರ ಲಾಯಿನಿಂದು ನೀನ ಒರಸ ಆಯಿ. ಕಟ್ಟಳಿ ಮುರಿದಂಗೂ ಆಗಲಿಲ್ಲ, ನೀರೂ ಬಂತು."

ಜನ ಹೌದು ಹೌದು ಎಂದರು. ಮಾತು ಸರಿಯಾಗಿಯೇ ಇತ್ತು. ಬೀರವ್ವನ ಗಂಡ ಕಟ್ಟಿದ ಕಟ್ಟಳೆಯೇ ಈಗ ಅವಳ ತಮ್ಮನ ಮೇಲೆ ತಿರುಗಿ ನಿಂತಿತ್ತು.

ಲಕ್ಷ್ಮೀಬಾಯಿ ಗೋಡೆಯ ಬದಿಗೆ ಕುಳಿತಿದ್ದಳು. ಅವಳ ಎರಡೂ ಅಂಗೈ ಮಣಿಕಟ್ಟಿನವರೆಗೆ ಹಳದಿಯಾಗಿದ್ದವು. ಮಗನ ಮಾತು ಕೇಳಿ ಎದ್ದಳು. ಊರ ಲೈನಿನ ಹಿಡಿಕೆಯ ಮುಂದೆ ಬಂದು ನಿಂತಳು. ಸೆರಗಿನ ತುದಿ ಕೈಗೆ ತೆಗೆದುಕೊಂಡಳು. ಬೀರವ್ವ ಅವಳ ಮುಖವನ್ನೇ ನೋಡಿದಳು. ತಡೆಯುವ ಹಕ್ಕು ತನಗಿಲ್ಲವೆಂದು ಗೊತ್ತಿತ್ತು.

ಮುದುಕಿಯ ಕೈ ಹಿಡಿಕೆಯ ಹತ್ತಿರ ಹೋಯಿತು. ಹಿಂದಕ್ಕೆ ಬಂತು. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ, ಕಂಕುಳ ಕೆಳಗೆ ಅಡಗಿಸಿಕೊಂಡಳು.

"ನಾ ಒರಸಂಗಿಲ್ಲೋ."

"ಆಯಿ..."

"ನನ್ನ ಭಂಡಾರದ ಬುಡಕ ಅವನ ಭಂಡಾರ ಇದ್ದರ? ಅದನ್ನ ಒರಸಾಕ ನಾ ಯಾರು? ತೊಳದಿದ್ದ ಒಂದ ಪಾಪ ಆಗೇತಿ, ಇನ್ನೊಂದ ನನ್ನ ಕೈಲೆ ಮಾಡಸಬ್ಯಾಡ. ನಿನ್ನ ಬೀಗರು ಒಂದಿನ ಕೈ ತೊಳೀದಿದ್ದರ ಸಾಯಂಗಿಲ್ಲ. ನಮ್ಮನ್ಯಾಗ ತಾಮ್ರದ ಹಂಡೇದಾಗ ನೀರ ಇಟ್ಟೀನಿ, ಹೋಗ, ಅದನ್ನ ಕೊಡ."

ಹಿರಿಯ ಬೀಗರು ಕೆಮ್ಮಿದರು. ಆಮೇಲೆ ಮರಾಠಿ ಬೆರೆತ ಕನ್ನಡದಲ್ಲಿ, "ಅಹೋ ಶಾಂತಲಿಂಗಪ್ಪ, ಆಯಿ ಬರೋಬರ ಹೇಳತಾರ. ಮನಷ್ಯಾನ ಮೊದಲ ಹುಡಕೂಣ ನಡೀರಿ. ನಂದೇನ, ಎರಡ ತಾಸ ಗಾಳಿ ಇಲ್ದಿದ್ದರ ತೂಕ ಕಡಿಮಿ ಆದೀತು" ಎಂದರು.

ಯಾರೋ ನಕ್ಕರು. ಚೇರ್ಮನ್ನರ ಮುಖದ ಬಿಗುವು ಸಡಿಲಿತು. ಟೋಪಿ ತೆಗೆದು ತಾಯಿಯ ಕೈಗೆ ಕೊಟ್ಟರು. "ತೋಟದ ಲಾಯಿನ್ ನಾ ನೋಡತೀನಿ. ಧರಣದ ಕಡೆ ಸಿದ್ಧರಾಮನ ಕಳಸರಿ, ಅವನ ಹೊಲ ಅಲ್ಲೇ ಐತಿ. ಮಾಳದ ಕಡಿ ಯಾರರ ಫೋನ್ ಹಚ್ಚರಿ. ಊರಾನವ್ರು ಊರ ಕಂಬ ನೋಡ್ರಿ, ಓಣಿ ಓಣಿ ಹಿಂದ." ಎಂದವರೇ ಬೈಕು ಹತ್ತಿದರು. ಹಿರಿಯ ಬೀಗರು ಧೋತರ ಎತ್ತಿಕೊಂಡು ಹಿಂದೆ ಕುಳಿತರು.

ಕೋಣೆ ಬರಿದಾಯಿತು. ಉಳಿದವರು ಇಬ್ಬರು ಹೆಂಗಸರು, ಮತ್ತು ಬಾಗಿಲಲ್ಲಿ ಬಸಯ್ಯ.

ಓಡಿ ಹೋಗಿ ಹುಡುಕುವವರ ಕಷ್ಟ ಒಂದು ಬಗೆಯದು, ಕಾಯುವವರದು ಇನ್ನೊಂದು ಬಗೆಯದು. ಬೀರವ್ವ ಹಿಡಿಕೆ ಬಿಟ್ಟು ಕದಲುವಂತಿರಲಿಲ್ಲ. ಸ್ನಾನಕ್ಕೆ ಹೋದ ತನ್ನನ್ನು ತಾನೇ ಬೈದುಕೊಂಡಳು. ಹೋಳಿಗೆ ಬೇಯಿಸಿದ್ದಕ್ಕೆ ಬೈದುಕೊಂಡಳು. ಆಮೇಲೆ ಬೈಗುಳ ತೀರಿತು. ಕಿಟಕಿಯಾಚೆ ಬಿಸಿಲಿನಲ್ಲಿ ತೊಗರಿಯ ಹೊಲ ಹಳದಿ ಹೂ ಬಿಟ್ಟು ನಿಂತಿತ್ತು. ತಂತಿಗಳು ಅದರ ಮೇಲೆ ಹಾದು, ಒಂದು ಊರ ಕಡೆ, ಒಂದು ತೋಟದ ಕಡೆ, ಒಂದು ಹೊಳೆಯ ಕಡೆ, ಒಂದು ದಿಬ್ಬದ ಕಡೆ ಹೋಗಿ ಮರೆಯಾಗುತ್ತಿದ್ದವು. ಅವುಗಳ ಯಾವುದೋ ತುದಿಯಲ್ಲಿ ತಾನು ಹೊತ್ತು ಬೆಳೆಸಿದ ಜೀವ ತಂತಿ ಹಿಡಿದು ಕುಳಿತಿರಬಹುದು. ಅಥವಾ ಅಕ್ಕಲಕೋಟದಲ್ಲಿ ಹೂ ಕೊಳ್ಳುತ್ತಿರಬಹುದು. ದೇವರೇ, ಅವನು ಅಕ್ಕಲಕೋಟದಲ್ಲೇ ಇರಲಿ, ಊರೆಲ್ಲ ನನ್ನನ್ನು ನೋಡಿ ನಗಲಿ ಎಂದು ಬೇಡಿಕೊಂಡಳು.

ಮೊದಲು ಊರಿನವರು ಬಂದರು. ಇಲ್ಲ. ತೋಟದ ಕಡೆಯಿಂದ ಫೋನು ಬಂತು. ಇಲ್ಲ. ಧರಣದ ಕಡೆ ಸಿದ್ಧರಾಮ ನೀರಿನ ದಂಡೆಯ ಕೊನೆಯ ಕಂಬದವರೆಗೂ ಹೋಗಿ ನೋಡಿದ್ದ. ಅಲ್ಲಿಯೂ ಇಲ್ಲ. ಮಾಳದ ಕಡೆ ಫೋನು ಹತ್ತುವುದೇ ಇಲ್ಲ, ಅಲ್ಲಿ ರೇಂಜು ಇಲ್ಲ. ಕಾಮಣ್ಣ ಅಲ್ಲಿದ್ದಾನೇನು ಎಂದು ಹೊಲದವರು ಆ ಕಡೆಗೆ ಕೂಗಿ ಕೇಳಿದ್ದರು.

ಆಗ ದೂರದಿಂದ ಒಂದು ಕೂಗು ಕೇಳಿಸಿತು.

ಕುರಿ ಕಾಯುವವರ ಕೂಗು ಅದು. ದಿಬ್ಬದ ಮೇಲೊಬ್ಬ ಕೂಗುತ್ತಾನೆ, ನಡುವಿನ ಹೊಲದವನು ಕೇಳಿ ಮುಂದಿನವನಿಗೆ ಕೂಗುತ್ತಾನೆ, ಹೀಗೆ ಮಾತು ಹೊಲದಿಂದ ಹೊಲಕ್ಕೆ ದಾಟಿ ಬರುತ್ತದೆ. ಕೊನೆಯ ಕೂಗು ಬೇವಿನ ಗಿಡದ ಹತ್ತಿರದ ಹೊಲದಿಂದ ಬಂತು.

"ಅದಾ...ನ! ಮಾಳದ ಲಾಯಿನ್! ಕಂಬದ ಮ್ಯಾಲ ಅದಾ...ನ!"

ಕಂಬದ ಮೇಲೆ. ಇಳಿದಿಲ್ಲ. ಈಗಲೂ, ಈ ಗಳಿಗೆಯಲ್ಲೂ, ಮೇಲೆಯೇ ಇದ್ದಾನೆ.

ಬಸಯ್ಯ ಬಾಗಿಲ ಹೊಸ್ತಿಲ ಮೇಲೆ ಹಾಗೇ ಕುಸಿದು ಕುಳಿತ. "ಶಿವ ಶಿವಾ" ಎಂದ. ಲಕ್ಷ್ಮೀಬಾಯಿ ಸೆರಗಿನೊಳಗಿನ ಕೈಗಳನ್ನು ಹೊರಗೆ ತೆಗೆದು, ಅವು ತನ್ನವೇ ಹೌದೋ ಅಲ್ಲವೋ ಎಂಬಂತೆ ನೋಡಿಕೊಂಡಳು. ಬೀರವ್ವ ಮಾತ್ರ ಕದಲಲಿಲ್ಲ. ಇದ್ದಾನೆ ಎಂಬ ಮಾತೊಂದನ್ನೇ ಅವಳು ಕೇಳಿಸಿಕೊಂಡಿದ್ದಳು. ಇದ್ದಾನೆ, ಇದ್ದಾನೆ ಎಂದು ಬಾಯೊಳಗೇ ಅದನ್ನು ಮೆಲ್ಲುತ್ತಿದ್ದಳು.

ಬಹಳ ಹೊತ್ತಿನ ಮೇಲೆ ಸೈಲೆನ್ಸರು ಒಡೆದ ಫಟಫಟಿಯ ಸದ್ದು ಬಂತು. ಕಾಮಣ್ಣ ಇಳಿದ, ಹೆಗಲಿಗೆ ಪಟ್ಟಾ. ಹಿಂದೆ ಕುಳಿತಿದ್ದ ಬೀರಣ್ಣನೂ ಇಳಿದ. ಬೀರೋಬಾನ ಗುಡಿಯ ಹತ್ತಿರ ತಂತಿ ಜೋತುಬಿದ್ದಿತ್ತು. ಮರುದಿನ ಬನ್ನಿ ಮುಡಿಯಲು ಜನ ಹಾಯುವ ಹಾದಿ ಅದು. ಕರೆಂಟಿಲ್ಲದ ಹೊತ್ತಿನಲ್ಲೇ ಎತ್ತಿ ಕಟ್ಟಿಬಿಡು ಎಂದು ಕುರಿಗಳ ಜೊತೆ ಅಲ್ಲೇ ಇದ್ದ ಬೀರಣ್ಣ ಹೇಳಿ ಕಳಿಸಿದ್ದ. ಹತ್ಯಾರ ಮುಟ್ಟುವ ದಿನವಲ್ಲ, ಹಗ್ಗ ಸಾಕು ಎಂದು ಕಾಮಣ್ಣ ಹೋಗಿದ್ದ.

ಬೀರಣ್ಣ ಒಳಗೆ ಇಣುಕಿದ. ಹಿಡಿಕೆ ಹಳದಿ, ಹೆಂಡತಿಯ ಬೆನ್ನು ಹಳದಿ, ಮುದುಕಿಯ ಕೈ ಹಳದಿ. "ಏನಿದು? ಮೈಲಾರಲಿಂಗ ಇಲ್ಲೇ ಬಂದ ಕುಣದ ಹೋದನೇನ?" ಎಂದ. ಯಾರೂ ನಗದಿದ್ದಾಗ ಅವನ ಮುಖ ಬದಲಾಯಿತು. ಬಸಯ್ಯ ಕುಳಿತಲ್ಲಿಂದಲೇ ನಡೆದದ್ದನ್ನೆಲ್ಲ ಹೇಳಿದ, ತನ್ನ ಮಾತನ್ನೂ ಬಿಡದೆ.

ಕಾಮಣ್ಣ ಕೇಳಿಸಿಕೊಂಡ. ನಗಲು ಹೋಗಿ ನಗು ಅರ್ಧಕ್ಕೇ ನಿಂತಿತು. "ನೀ ಜಳಕಕ್ಕ ಹೋಗಿದ್ದಿ ಅಕ್ಕಾ. ಭಂಡಾರ ಹಚ್ಚಿದ ಮ್ಯಾಲ ಮತ್ತ ಹೇಳೂದೇನೈತಿ ಅಂತ ಹೋದೆ. ಮಾವನ ಜೋಡಿ ಮಾತಾಡಕೋತ ಆರಾಮ ತಂತಿ ಹಿಡಕೊಂಡ ಕುಂತಿದ್ದೆ. ನಂಗೇನ ಅಂಜಿಕಿ, ನೀ ಇದ್ದೆಲ್ಲ."

ಬೀರವ್ವ ಮುಂದೆ ಬಂದು ಅವನ ಬೆನ್ನಿಗೆ ಫಟ್ಟನೆ ಒಂದು ಏಟು ಹಾಕಿದಳು. ಮತ್ತೊಂದಕ್ಕೆ ಎತ್ತಿದ ಕೈ ಅವನ ಬೆನ್ನ ಮೇಲೇ ನಿಂತುಬಿಟ್ಟಿತು. ಬಿಸಿಯಾಗಿತ್ತು ಬೆನ್ನು, ಬೆವರಿನಿಂದ ಒದ್ದೆಯಾಗಿತ್ತು. "ಒರಸ" ಎಂದಳು.

ಅವನು ಮಾಳದ ಲೈನಿನ ಹಿಡಿಕೆಗೆ ಕೈ ಮುಗಿದು, ಅಂಗೈಯಿಂದ ಭಂಡಾರ ಒರೆಸಿ ಹಣೆಗೆ ಹಚ್ಚಿಕೊಂಡ. ಉಳಿದ ಮೂರನ್ನು ಲಕ್ಷ್ಮೀಬಾಯಿ ಒಂದೊಂದಾಗಿ ಒರೆಸಿದಳು. ಒಂದೊಂದಕ್ಕೂ "ತಪ್ಪಾತಪಾ ಬೀರೋಬಾ" ಎಂದಳು.

"ಆಯಿ, ಬರೂ ವರ್ಷದಿಂದ ಹಿಡಿಕಿಗಿ ನೀವು ಕುಂಕುಮ ಹಚ್ಚರಿ" ಎಂದ ಬೀರಣ್ಣ. "ಭಂಡಾರ ನಮಗ ಬಿಡರಿ."

"ಕುಂಕುಮಾನೂ ಬ್ಯಾಡ, ಏನೂ ಬ್ಯಾಡೋ ಯಪ್ಪಾ. ಹೊರಗ ಕಟ್ಟಿ ಮ್ಯಾಲ ಒಂದ ಕಾಯಿ ಒಡದ ಹೊಕ್ಕೀನಿ."

ಈಗ ಎಲ್ಲರೂ ನಕ್ಕರು. ಬೀರವ್ವನೂ ನಕ್ಕಳು, ಕಣ್ಣೊರೆಸಿಕೊಳ್ಳುತ್ತ. ಆಮೇಲೆ ಹಿಡಿಕೆಗಳನ್ನು ಎತ್ತಿದಳು. ಊರು, ತೋಟ, ಧರಣ, ಎಲ್ಲಕ್ಕೂ ಕೊನೆಗೆ ಮಾಳ. ಆಚೆ ಬಸಯ್ಯನ ಗಿರಣಿಯ ಪಟ್ಟಿ ತಿರುಗಿದ ಸದ್ದು ಕೇಳಿತು. ಊರ ಟಾಕಿಯ ಕಡೆಯಿಂದ ಹುಡುಗರ ಕೇಕೆ. ಕೋಣೆಯೊಳಗಿನ ಹಳೆಯ ಫ್ಯಾನು ಕಿರುಗುಡುತ್ತ ಎಚ್ಚರಾಯಿತು.

ಬೀರವ್ವ ಗೋಡೆ ಹಿಡಿದು ಮೆಲ್ಲಗೆ ಕುಳಿತಳು. ತೊಳೆದ ನೆಲ ತಣ್ಣಗಿತ್ತು. ಸ್ವಲ್ಪ ಬೆನ್ನು ಚಾಚುತ್ತೇನೆ ಎಂದುಕೊಂಡು ತಲೆಯ ಕೆಳಗೆ ತೋಳಿಟ್ಟು ಮಲಗಿದಳು. ಹಾಗೇ ಕಣ್ಣು ಹತ್ತಿತು. ತೋಟದಿಂದ ಮರಳಿದ ಶಾಂತಲಿಂಗಪ್ಪನವರು ಬಾಗಿಲಲ್ಲಿ ನಿಂತು ದೊಡ್ಡ ದನಿಯಲ್ಲಿ ಏನೋ ಹೇಳಲು ಬಾಯಿ ತೆರೆದರು. ಅವರ ತಾಯಿ "ಹುಶ್!" ಎಂದು ಬೆರಳೆತ್ತಿದಳು.

ಅವರು ಒಳಗೆ ಬಂದು, ಚಪ್ಪಲಿ ಬಿಟ್ಟು, ಮೂಲೆಯಲ್ಲಿದ್ದ ಬೀರವ್ವನ ಕೂಡುವ ಮಣೆಯನ್ನು ಹಿಡಿಕೆಗಳ ಮುಂದೆ ಎಳೆದುಕೊಂಡು ಕುಳಿತರು. ಬೀಗರಿಗೆ ಊಟ ಬಡಿಸಲು ಮನೆಗೆ ಹೇಳಿ ಕಳಿಸಿದರು. ಅವಳು ಏಳುವವರೆಗೂ ಕೆಂಪು ದೀಪ ನೋಡುತ್ತ ಕುಳಿತಿದ್ದರು.